ಕೆಳಮನೆಯ ಮಕ್ಕಳು

ಮಗನ ಕಾರ್ಯಕ್ರಮಕ್ಕೆಂದು ಅಂಜನಮ್ಮ ರೇಷ್ಮೆ ಸೀರೆ ಉಟ್ಟು ನಿಂತಾಗ ಗಂಡ ಬೈರಣ್ಣ ನಕ್ಕುಬಿಟ್ಟ.

"ಮದ್ವೆಗಾ ಹೊಂಟಿರೋದು? ಅದು ಕುಡ್ಯೋ ಜಾಗ ಕಣೆ."

"ಕುಡ್ಯೋ ಜಾಗ ಆದ್ರೇನು, ಮಕ್ಕಳಿಗೋಸ್ಕರ ಮಾಡ್ತಿರೋದಲ್ವಾ," ಎಂದು ಅವಳು ಸೆರಗಿಗೆ ಪಿನ್ನು ಹಾಕಿಕೊಂಡಳು.

ಇಟ್ಟಮಡುವಿನಲ್ಲಿ ಅವರದು ಮೂರಂತಸ್ತಿನ ಮನೆ. ಬೈರಣ್ಣನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಯಾದ ಮೇಲೆ ಉಳಿದ ಸೈಟಿನಲ್ಲಿ ಕಟ್ಟಿಸಿದ್ದು. ನಡುವಿನ ಮಹಡಿಯಲ್ಲಿ ತಾವಿದ್ದು, ಮೇಲಿನದನ್ನು ಎರಡು ಸಂಸಾರಗಳಿಗೂ ಕೆಳಗಿನದನ್ನು ಸೀತಾಲಕ್ಷ್ಮಿಯವರಿಗೂ ಬಾಡಿಗೆಗೆ ಕೊಟ್ಟಿದ್ದರು. ಸೀತಾಲಕ್ಷ್ಮಿ ಹಿಂದೆ ನರ್ಸ್ ಆಗಿದ್ದವರು. ಹುಟ್ಟುವಾಗಲೇ ಎಚ್‌ಐವಿ ತಗುಲಿದ, ಹೆತ್ತವರಿಲ್ಲದ ಮಕ್ಕಳನ್ನು ಸಾಕುತ್ತಿದ್ದರು. ಮನೆ ನೋಡಲು ಬಂದ ದಿನವೇ ಏನನ್ನೂ ಮುಚ್ಚಿಡದೆ ಹೇಳಿದ್ದರು. ಹೇಳದೆ ಸೇರಿಕೊಂಡಿದ್ದ ಹಳೆಯ ಮನೆಯಿಂದ ಅವರನ್ನು ಎಬ್ಬಿಸಿದ್ದರಂತೆ. ಬೈರಣ್ಣ, "ನಮಗೇನೂ ಇಲ್ಲಮ್ಮ. ಆದ್ರೆ ಬೀದೀಲಿ ಯಾರ ಹತ್ರಾನೂ ಬಾಯಿ ಬಿಡಬೇಡಿ. ಅನಾಥ ಮಕ್ಕಳು ಅನ್ನಿ, ಸಾಕು," ಎಂದಿದ್ದ.

ಆ ಮಾತಿನಂತೆಯೇ ವರ್ಷಗಳು ನಡೆದಿದ್ದವು. ಮನೆಗೆ ಬೋರ್ಡ್ ಇರಲಿಲ್ಲ. ಮಕ್ಕಳು ಹತ್ತಿರದ ಶಾಲೆಗೆ ಹೋಗುತ್ತಿದ್ದರು, ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದರು, ಗಣೇಶನನ್ನು ಕೂರಿಸಿದಾಗ ಚಪ್ಪರಕ್ಕೆ ಕಾಗದ ಅಂಟಿಸುತ್ತಿದ್ದರು. ಎದುರುಮನೆಯ ಕಾತ್ಯಾಯಿನಿ, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು, ಶನಿವಾರದ ಸಂಜೆ ಬಂದು ದೊಡ್ಡ ಮಕ್ಕಳಿಗೆ ಪಾಠ ಮಾಡುತ್ತಿದ್ದರು. ಮೊದಮೊದಲು ಅಂಜನಮ್ಮನೂ ಆ ಮಕ್ಕಳು ಕುಡಿದ ಲೋಟ ಬೇರೆ ಇಡುತ್ತಿದ್ದಳು. ಅದನ್ನು ಯಾವಾಗ ಬಿಟ್ಟಳೋ ಅವಳಿಗೇ ನೆನಪಿಲ್ಲ. ಈಗ ಮನೆಯಲ್ಲಿ ಹುಳಿ ಮಾಡಿದರೆ ಅರ್ಧ ಕೆಳಗಡೆಗೇ ಹೋಗುತ್ತಿತ್ತು.

ಅಂಜನಮ್ಮನ ಮಗ ಮೋಹಿತ ಶಾಲೆಗೆ ಹೋಗುವಾಗಿನಿಂದ ಆ ಮಕ್ಕಳ ಜೊತೆಯೇ ಬೆಳೆದವನು. ಕಾಲೇಜು ಮುಗಿಸಿ ಒಂದು ಕಾರು ಶೋರೂಮಿನಲ್ಲಿ ಕೆಲಸಕ್ಕೆ ಸೇರಿದ್ದ. ಆದರೆ ಅವನ ಮನಸ್ಸೆಲ್ಲ ಡಿಜೆ ಕೆಲಸದಲ್ಲಿ. ಅರಿಸಿನ ಶಾಸ್ತ್ರ, ಹುಟ್ಟುಹಬ್ಬಗಳಲ್ಲಿ ಹಾಡು ಹಾಕಿ ಕಲಿತು, ಈಗೀಗ ಜೆ.ಪಿ. ನಗರ, ಬಿಟಿಎಂ ಕಡೆಯ ಕ್ಲಬ್ಬುಗಳಲ್ಲಿ ವಾರಾಂತ್ಯಕ್ಕೆ ಕರೆಸಿಕೊಳ್ಳುತ್ತಿದ್ದ. ಹೊಸ ಟ್ರ್ಯಾಕ್ ಮಾಡಿದಾಗಲೆಲ್ಲ ಸ್ಪೀಕರನ್ನು ಕೆಳಗಿನ ಹಾಲಿಗೆ ತಂದಿಟ್ಟು ಮಕ್ಕಳ ಮುಂದೆ ನುಡಿಸುತ್ತಿದ್ದ. ಅವರಲ್ಲಿ ಶೃತಿ ಎಂಬ ಹುಡುಗಿ ಕುಣಿದರೆ ಮಾತ್ರ ಅದು ಪಾಸಾದಂತೆ. ಒಂಬತ್ತನೇ ತರಗತಿಯ ಸಣಕಲು ಹುಡುಗಿ. ಕಣ್ಣು ಮುಚ್ಚಿಕೊಂಡು, ಗೋಡೆಗೆಲ್ಲಿ ತಾಗುತ್ತಾಳೋ ಎಂಬಂತೆ ಕುಣಿಯುತ್ತಿದ್ದಳು. ಇಷ್ಟವಾಗದಿದ್ದರೆ ಕಾಲು ಚಾಚಿ ಕೂತು, "ಅಣ್ಣಾ, ಇದು ಮಿಕ್ಸಿ ಓಡ್ದಂಗಿದೆ," ಎನ್ನುತ್ತಿದ್ದಳು.

ಆ ವರ್ಷ ಸೀತಾಲಕ್ಷ್ಮಿಯವರಿಗೆ ದಾನ ಕೊಡುತ್ತಿದ್ದ ಕಂಪನಿಯೊಂದು ಕೈಬಿಟ್ಟಿತು. ಮೋಹಿತ ಗೆಳೆಯರನ್ನು ಸೇರಿಸಿ, ಡಿಸೆಂಬರಿನ ಮೊದಲ ಭಾನುವಾರ ಜೆ.ಪಿ. ನಗರದ ಒಂದು ತಾರಸಿ ಕ್ಲಬ್ಬಿನಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಡ್ಯಾನ್ಸ್ ಮ್ಯೂಸಿಕ್ ಕಾರ್ಯಕ್ರಮ ಗೊತ್ತುಮಾಡಿದ. ಟಿಕೆಟ್ ದುಡ್ಡೆಲ್ಲ ಮಕ್ಕಳಿಗೆ. ನಡುನಡುವೆ ಎಚ್‌ಐವಿ ಬಗ್ಗೆ ಜನರಿಗೆ ತಿಳಿಹೇಳುವುದು. ಸೀತಾಲಕ್ಷ್ಮಿ ಹಾಕಿದ್ದು ಒಂದೇ ಷರತ್ತು: ಮಕ್ಕಳ ಮುಖ, ಹೆಸರು, ಮನೆ ಇರುವ ಜಾಗ ಎಲ್ಲೂ ಬರಬಾರದು. ಮೋಹಿತ ಪೋಸ್ಟರಿನಲ್ಲಿ ಒಂದು ಗಾಳಿಪಟದ ಚಿತ್ರ ಮಾತ್ರ ಹಾಕಿಸಿದ್ದ.

ಕ್ಲಬ್ಬಿನಲ್ಲಿ ಅಂಜನಮ್ಮ ಮತ್ತು ಸೀತಾಲಕ್ಷ್ಮಿ ಒಂದು ಮೂಲೆಯ ಎತ್ತರದ ಕುರ್ಚಿಗಳನ್ನು ಹೇಗೋ ಏರಿ ಕೂತರು. ತಮಟೆಯ ಪಕ್ಕ ನಿಂತಂತೆ ಸದ್ದು ಎದೆಗೇ ಬಡಿಯುತ್ತಿತ್ತು. ತೆಳ್ಳನೆಯ ಹುಡುಗ ಹುಡುಗಿಯರು ಬಿಸಿಲಿನಲ್ಲಿ ಕೈಯೆತ್ತಿ ಕುಣಿಯುತ್ತಿದ್ದರು. ರೇಷ್ಮೆ ಸೀರೆ ಕಂಡು ಒಬ್ಬಳು ಬಂದು, "ಆಂಟಿ, ಸಖತ್ತಾಗಿದೀರ, ಒಂದು ಸೆಲ್ಫಿ," ಎಂದಳು. ಅಂಜನಮ್ಮನಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು. ದೂರದಲ್ಲಿ ಹೆಡ್‌ಫೋನಿನ ಒಂದು ಕಿವಿ ಎತ್ತಿಕೊಂಡು ನಿಂತಿದ್ದ ಮಗ ಬೇರೆ ಯಾರೋ ದೊಡ್ಡ ಮನುಷ್ಯನಂತೆ ಕಾಣುತ್ತಿದ್ದ.

ಸಂಜೆಯಾಗುತ್ತಿದ್ದಂತೆ ಮೋಹಿತ ಹಾಡು ನಿಲ್ಲಿಸಿ ಮೈಕ್ ತೆಗೆದುಕೊಂಡ. ಯಾರೋ ಬರೆದುಕೊಟ್ಟಿದ್ದ ನಾಲ್ಕು ಸಾಲು ಓದಿದ. ಮುಟ್ಟಿದರೆ ಬರುವುದಿಲ್ಲ, ಜೊತೆಯಲ್ಲಿ ಉಂಡರೆ ಬರುವುದಿಲ್ಲ, ಮಾತ್ರೆ ತೆಗೆದುಕೊಂಡರೆ ಎಲ್ಲರಂತೆ ಬದುಕಬಹುದು. ಜನ ಕೇಳಿಸಿಕೊಳ್ಳುತ್ತಿರಲಿಲ್ಲ. ಅರ್ಧಕ್ಕರ್ಧ ಜನ ಬಾರಿನ ಕಡೆ ತಿರುಗಿದ್ದರು. ಮೋಹಿತ ಚೀಟಿಯನ್ನು ಜೇಬಿಗಿಟ್ಟುಕೊಂಡ.

"ಒಂದ್ನಿಮಿಷ ಗುರು, ಕೇಳಿ," ಎಂದ. "ಈ ಮಕ್ಕಳು ಎಲ್ಲೋ ದೂರದಲ್ಲಿಲ್ಲ. ಇಟ್ಟಮಡುವಲ್ಲಿ ನಮ್ಮನೆ ಕೆಳಗಡೇನೇ ಇದಾರೆ. ನಾನು ಚಿಕ್ಕೋನಿದ್ದಾಗಿಂದ ಅವರ ತಟ್ಟೇಲಿ ಊಟ ಮಾಡಿದೀನಿ, ಅವರ ಚಾಪೆ ಮೇಲೆ ಮಲಗಿದೀನಿ. ನನ್ನ ಮ್ಯೂಸಿಕ್‌ಗೆ ಫಸ್ಟು ಕುಣಿದೋಳು ಅಲ್ಲಿರೋ ನನ್ನ ತಂಗಿ. ನನಗೇನಾಗಿದೆ, ನೋಡಿ. ಏನೂ ಆಗಿಲ್ಲ."

ಬಾರಿನ ಕಡೆ ತಿರುಗಿದ್ದವರೂ ಇತ್ತ ತಿರುಗಿದರು. ಆಮೇಲೆ ಎದ್ದ ಚಪ್ಪಾಳೆ, ಶಿಳ್ಳೆಗೆ ಅಂಜನಮ್ಮನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಸೀತಾಲಕ್ಷ್ಮಿ ಚಪ್ಪಾಳೆ ತಟ್ಟುತ್ತಿರಲಿಲ್ಲ. ಅವರು ಅಂಜನಮ್ಮನ ಮುಂಗೈ ಹಿಡಿದುಕೊಂಡಿದ್ದರು. ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ನೋಯುತ್ತಿತ್ತು.

"ಅಂಜನಮ್ಮ," ಎಂದರು, "ಎಷ್ಟು ಜನ ಫೋನ್ ಹಿಡ್ಕೊಂಡಿದಾರೆ ನೋಡಿ."

ಟಿಕೆಟ್ ಹಣವಲ್ಲದೆ ಆ ಸಂಜೆ ಅಲ್ಲೇ ಬಹಳ ಜನ ಕೈಬಿಚ್ಚಿ ಕೊಟ್ಟರು. ಯಾರೂ ನಿರೀಕ್ಷಿಸದಷ್ಟು ದುಡ್ಡು ಸೇರಿತು.

ವಿಡಿಯೊ ಎರಡು ದಿನದಲ್ಲಿ ಇಟ್ಟಮಡು ತಲುಪಿತು. ಮೊದಲು ನಗರದವರೆಲ್ಲ ಹೊಗಳಿ ಹಂಚಿಕೊಂಡರು. ಆಮೇಲೆ ಯಾರೋ ಅದನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿ, 'ಇದು ನಮ್ಮ ಬೈರಣ್ಣನವರ ಮಗ ಅಲ್ವಾ?' ಎಂದಷ್ಟೇ ಬರೆದರು. ಮೋಹಿತ ಗೆಳೆಯರಿಗೆಲ್ಲ ಫೋನು ಮಾಡಿ ತೆಗೆಸಿದ. ಅಷ್ಟು ಹೊತ್ತಿಗೆ ಅದು ಅವನ ಕೈಮೀರಿ ಹೋಗಿತ್ತು.

ಮೊದಲು ಬದಲಾದದ್ದು ಶಾಲೆ. ಮಕ್ಕಳನ್ನು ಬೇರೆ ಬೆಂಚಿನಲ್ಲಿ ಕೂರಿಸಿದರು. ಆಮೇಲೆ ಪೋಷಕರ ಒಂದು ಗುಂಪು ಹೋಗಿ ಮಾತಾಡಿದ ಮೇಲೆ, ಪರೀಕ್ಷೆಯವರೆಗೂ ಮನೆಯಲ್ಲೇ ಓದಿಕೊಳ್ಳಲಿ ಎಂದು ಮುಖ್ಯೋಪಾಧ್ಯಾಯರು ಸೀತಾಲಕ್ಷ್ಮಿಯವರಿಗೆ ಫೋನಿನಲ್ಲಿ ಹೇಳಿದರು. ಬರೆದು ಕೊಡಿ ಎಂದದ್ದಕ್ಕೆ ಫೋನಿಟ್ಟರು. ಅಂಗಡಿಯವನು ಶೃತಿಯ ಕೈಯಿಂದ ದುಡ್ಡು ತೆಗೆದುಕೊಳ್ಳದೆ ಟೇಬಲ್ಲಿನ ಮೇಲಿಡಲು ಹೇಳಿದ. ಶನಿವಾರ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ಕೂತರು. ಕಾತ್ಯಾಯಿನಿ ಟೀಚರು ಬರಲಿಲ್ಲ.

ಅವರು ಬಂದದ್ದು ಮರುದಿನ ಬೆಳಗ್ಗೆ, ಬೀದಿಯ ನಾಲ್ಕಾರು ಜನರ ಜೊತೆ, ಬೈರಣ್ಣನ ಮನೆಗೆ. ಮೋಹಿತ ಅವರಿಗಾಗಿಯೇ ಕಾದಿದ್ದವನಂತೆ ಎದ್ದು, ವೈರಸ್ಸು ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂದು ಶುರುಮಾಡಿದ. ಮಾತ್ರೆ ಸರಿಯಾಗಿ ನುಂಗುವ ಮಕ್ಕಳ ರಕ್ತ ಪರೀಕ್ಷೆ ಮಾಡಿದರೆ ವೈರಸ್ಸು ಕಾಣುವುದೂ ಇಲ್ಲ ಎಂದ. ಕಾತ್ಯಾಯಿನಿ ಕೊನೆಯವರೆಗೂ ಕೇಳಿದರು. ಅವರದು ಮೆಲುದನಿ.

"ನೀನು ಹೇಳಿದ್ದೆಲ್ಲಾ ನಿಜ ಮೋಹಿತ್. ನನಗೂ ಗೊತ್ತು. ನಾನೇ ಸ್ಕೂಲಲ್ಲಿ ಏಡ್ಸ್ ದಿನದ ಭಾಷಣ ಮಾಡಿಸ್ತಿದ್ದೆ."

"ಮತ್ತೆ ಇನ್ನೇನು ಮೇಡಂ?"

"ಮನೇಲಿ ಮೊಮ್ಮಗು ಇದೆ ಕಣಪ್ಪ. ಆ ಮಕ್ಕಳ ಜೊತೆ ಆಡ್ತಿತ್ತು. ಸೊಸೆ ಮಗೂನ ಕರ್ಕೊಂಡು ತವರಿಗೆ ಹೋಗಿದಾಳೆ. ಅವರಿಲ್ಲಿರೋವರ್ಗೂ ಬರಲ್ಲ ಅಂತಾಳೆ. ಅವಳಿಗೂ ಎಲ್ಲಾ ಗೊತ್ತಿದೆ. ಎಂ.ಎಸ್‌ಸಿ. ಓದಿದಾಳೆ."

ಮೋಹಿತ ಮತ್ತೆ ಕೂತ. ತಿಳಿಯದವರಿಗೆ ತಿಳಿಸಬೇಕು ಎಂದುಕೊಂಡೇ ಅವನು ಇಷ್ಟೆಲ್ಲ ಮಾಡಿದ್ದ. ತಿಳಿದವರ ಮುಂದೆ ಏನು ಹೇಳಬೇಕೆಂದು ಅವನಿಗೆ ಯಾರೂ ಬರೆದುಕೊಟ್ಟಿರಲಿಲ್ಲ.

ಅಂಜನಮ್ಮ ಕಾಫಿ ತಂದಳು. ಯಾರೂ ಮುಟ್ಟಲಿಲ್ಲ. ಅದು ಅವಳಿಗೆ ಆಗ ಅರ್ಥವಾಗಲಿಲ್ಲ. ಎಲ್ಲರೂ ಹೋದಮೇಲೆ ತುಂಬಿದ ಲೋಟಗಳನ್ನು ಬಚ್ಚಲಿಗೆ ಸುರಿಯುವಾಗ ಅರ್ಥವಾಯಿತು.

ಮೇಲಿನ ಮಹಡಿಯ ಎರಡೂ ಸಂಸಾರಗಳು ಮನೆ ಖಾಲಿ ಮಾಡುತ್ತೇವೆಂದವು. ಸೀತಾಲಕ್ಷ್ಮಿ ಪೊಲೀಸ್ ಠಾಣೆಗೆ ಹೋದರು. ರೋಗದ ನೆಪದಲ್ಲಿ ಯಾರನ್ನೂ ಮನೆಯಿಂದ, ಶಾಲೆಯಿಂದ ಕಳಿಸಬಾರದೆಂದು ಕಾನೂನಿದೆ ಎಂದರು. ಅಲ್ಲಿದ್ದ ಅಧಿಕಾರಿ ಕುರ್ಚಿ ಹಾಕಿಸಿ ಕೂರಿಸಿ, "ಕಾನೂನು ನಿಮ್ಮ ಕಡೇನೇ ಇದೆ ಮೇಡಂ. ಬೇಕಾದ್ರೆ ಕಂಪ್ಲೇಂಟ್ ತಗೋತೀನಿ. ಆದ್ರೆ ಮಕ್ಕಳು ದಿನಾ ಅದೇ ಬೀದೀಲಿ ಓಡಾಡ್ಬೇಕಲ್ಲ, ಯೋಚ್ನೆ ಮಾಡಿ," ಎಂದರು. ಅವರು ಹೇಳಿದ್ದರಲ್ಲಿ ಬೆದರಿಕೆ ಇರಲಿಲ್ಲ. ಸೀತಾಲಕ್ಷ್ಮಿ ದೂರು ಕೊಡದೆ ಎದ್ದುಬಂದರು. ಅದೇ ವಾರ ಯಾರೋ ಗೇಟಿನ ಮೇಲೆ ಸೆಗಣಿ ಎರಚಿದ್ದರು. ಅದನ್ನು ತೊಳೆದದ್ದು ಬೈರಣ್ಣ.

ತೊಳೆದು ಬಂದು ಅವನು ಕೈ ಒರೆಸಿಕೊಳ್ಳುತ್ತಾ ಹೇಳಿದ: "ಸೀತಾಲಕ್ಷ್ಮಮ್ಮಂಗೆ ಬೇರೆ ಮನೆ ನೋಡ್ಕೊಳ್ಳೋಕೆ ಹೇಳ್ಬುಡು."

"ನೀವೇ ಹೇಳಿ," ಎಂದಳು ಅಂಜನಮ್ಮ. "ನನ್ನ ಬಾಯಲ್ಲಿ ಬರಲ್ಲ."

"ನನಗೇನು ಆಸೆನಾ? ಇಷ್ಟ್ ವರ್ಷ ಇಟ್ಕೊಂಡಿರ್ಲಿಲ್ವಾ? ನಾವು ಇಲ್ಲೇ ಹುಟ್ಟಿರೋರು. ನಾಳೆ ನಮ್ಮನೆ ಹೆಣ ಎತ್ತೋಕೂ ಈ ಬೀದಿಯೋರೇ ಬರ್ಬೇಕು."

ಅವಳು ಮೂರು ದಿನ ಗಂಡನ ಜೊತೆ ಮಾತಾಡಲಿಲ್ಲ. ಅಡುಗೆ ಮಾಡಿ ಮುಚ್ಚಿಟ್ಟು ಕೆಳಗೆ ಹೋಗಿ ಕೂರುತ್ತಿದ್ದಳು. ಅದರಿಂದ ಏನೂ ಬದಲಾಗಲಿಲ್ಲ. ಕೊನೆಗೆ ಬೈರಣ್ಣ ತಾನೇ ಇಳಿದು ಹೋಗಿ ಹೇಳಿದ. ಸೀತಾಲಕ್ಷ್ಮಿ, "ಗೊತ್ತಿತ್ತು ಅಣ್ಣಾ," ಎಂದರಂತೆ. ಅವನು ಮೇಲೆ ಬಂದು ಗೋಡೆ ಕಡೆ ತಿರುಗಿ ಮಲಗಿಕೊಂಡ.

ಒಂದು ಮಧ್ಯಾಹ್ನ ಮೋಹಿತ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಶೋರೂಮಿಗೆ ಹೋಗಿರಲಿಲ್ಲ.

"ನಾನು ಸುಳ್ಳು ಹೇಳಿದ್ನಾ ಅಮ್ಮ?"

"ಇಲ್ಲ ಮಗ. ನಿಜಾನೇ ಹೇಳ್ದೆ."

"ಮತ್ತೆ ಹಿಂಗ್ಯಾಕಾಯ್ತು?"

ಅಂಜನಮ್ಮ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. ಶೃತಿ ಅವನನ್ನು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಅವಳು ಬೈಯಲಿಲ್ಲ. ತಂಗಿ ಅಂತ ಮೈಕಲ್ಲಿ ಹೇಳಿದೆಯಂತೆ ಹೌದಾ ಅಣ್ಣಾ ಎಂದು ಕೇಳಿದಳಂತೆ, ಅಷ್ಟೇ.

ಹಾರೋಹಳ್ಳಿಯ ಆಚೆ ಒಂದು ಹಳೆಯ ಕೋಳಿ ಫಾರಂನ ಪಕ್ಕದ ಮನೆ ಸಿಕ್ಕಿತು. ಸುತ್ತ ಯಾರೂ ಇರಲಿಲ್ಲ, ಅದಕ್ಕೇ ಸಿಕ್ಕಿತು. ಕ್ಲಬ್ಬಿನಲ್ಲಿ ಸೇರಿದ ಹಣವೆಲ್ಲ ಆ ಮನೆಯ ಮುಂಗಡಕ್ಕೆ, ಲಾರಿ ಬಾಡಿಗೆಗೆ ಹೋಯಿತು. ಅಲ್ಲಿ ಎಲ್ಲ ಮಕ್ಕಳಿಗೂ ಜಾಗವಿರಲಿಲ್ಲ. ಹೈಸ್ಕೂಲಂತೂ ಬಹಳ ದೂರ. ದೊಡ್ಡ ಹುಡುಗರನ್ನು ತುಮಕೂರಿನ ಇನ್ನೊಂದು ಆಶ್ರಮಕ್ಕೆ ಕಳಿಸಿದರು. ಶೃತಿಯನ್ನು ಅವಳ ಸೋದರಮಾವ ಕರೆದುಕೊಂಡು ಹೋಗಲು ಒಪ್ಪಿದ. ಶ್ರೀನಗರದಲ್ಲಿ ಅವನದು ಒಂದು ಸಣ್ಣ ಇಸ್ತ್ರಿ ಅಂಗಡಿ. ಅಕ್ಕ ಸತ್ತಾಗ ಐದು ವರ್ಷದ ಶೃತಿಯನ್ನು ಸೀತಾಲಕ್ಷ್ಮಿಯವರ ಬಾಗಿಲಲ್ಲಿ ಬಿಟ್ಟು ಹೋದವನು ಅವನೇ. ಈಗ ಅವನ ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಮನೆಯಲ್ಲಿ ಎಳೆಮಗುವಿತ್ತು.

"ಅಲ್ಲೇ ಸ್ಕೂಲಿಗೆ ಸೇರಿಸ್ತೀನಿ," ಎಂದ ಅವನು. "ಆದ್ರೆ ನನ್ನ ಹೆಂಡ್ತಿಗೆ ಈ ವಿಷಯ ಗೊತ್ತಿಲ್ಲ. ಗೊತ್ತಾಗ್ಲೂಬಾರ್ದು. ನಿಮ್ಮ ಕಡೆಯೋರು ಯಾರೂ ನಮ್ಮ ಬಾಗಿಲಿಗೆ ಬರ್ಬೇಡಿ."

"ಮಾತ್ರೆ?" ಎಂದರು ಸೀತಾಲಕ್ಷ್ಮಿ.

"ಅದನ್ನ ಅವಳೇ ನೋಡ್ಕೋತಾಳೆ. ದೊಡ್ಡೋಳಾಗಿದಾಳಲ್ಲ."

ಆ ಜವಾಬ್ದಾರಿ ಅಂಜನಮ್ಮ ಹೊತ್ತುಕೊಂಡಳು. ಸೀತಾಲಕ್ಷ್ಮಿ ತಿಂಗಳಿಗೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಿಂದ ಎಲ್ಲ ಮಕ್ಕಳ ಮಾತ್ರೆ ತರುವಾಗ ಶೃತಿಯ ಡಬ್ಬಿಯನ್ನು ಅವಳ ಕೈಗೆ ಕೊಡುತ್ತಿದ್ದರು. ಅವಳು ಬಸ್ಸು ಹತ್ತಿ ಶ್ರೀನಗರಕ್ಕೆ ಹೋಗಿ, ಶಾಲೆ ಬಿಡುವ ಹೊತ್ತಿಗೆ ಹುಣಸೆಹಣ್ಣು ಮಾರುವವನ ಗಾಡಿಯ ಪಕ್ಕ ನಿಲ್ಲುತ್ತಿದ್ದಳು.

ಮೊದಲ ಸಲ ಶೃತಿ ಓಡಿಬಂದು ಅವಳ ಸೊಂಟ ತಬ್ಬಿಕೊಂಡಳು. ಹೊಸ ಶಾಲೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ ಎಂದು ಹೇಳುವಾಗ ಅವಳ ಮುಖ ಅರಳಿತ್ತು. ಅಂಜನಮ್ಮನಿಗೆ ಆ ಸಂಜೆ ಬಸ್ಸಿನಲ್ಲಿ ಕೂತಾಗ, ಹೀಗೆ ಆಗಿದ್ದೇ ಒಳ್ಳೆಯದೇನೋ ಎಂದು ಕೂಡ ಅನಿಸಿತು.

ಎರಡನೇ ಸಲ ಹುಡುಗಿಯ ಕೆನ್ನೆ ಒಳಕ್ಕೆ ಹೋಗಿತ್ತು. ಹಿಂದಿನ ತಿಂಗಳ ಡಬ್ಬಿಯಲ್ಲಿ ಇನ್ನೂ ಮಾತ್ರೆಗಳಿವೆ ಎಂದಳು.

"ಯಾಕಮ್ಮ ಉಳೀತು?"

"ಒಂದೇ ರೂಮು ಆಂಟಿ. ಎಲ್ರೂ ಅಲ್ಲೇ ಮಲಗೋದು. ಡಬ್ಬಿ ತೆಗೆದ್ರೆ ಸದ್ದು ಬರುತ್ತೆ. ಅತ್ತೆ ಏನದು ಅಂತ ಕೇಳಿದ್ರು. ತಲೆನೋವಿನ ಮಾತ್ರೆ ಅಂದೆ. ದಿನಾ ಎಂಥ ತಲೆನೋವು ಅಂದ್ರು. ಅವತ್ತಿಂದ ಎಲ್ರೂ ಮಲಗೋವರ್ಗೂ ಕಾಯ್ತೀನಿ, ನನಗೇ ನಿದ್ದೆ ಬಂದ್ಬಿಡುತ್ತೆ."

ಅಂಜನಮ್ಮ ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಹತ್ತಿ ಕೊಂಡು ತಂದಳು. ಗಾಡಿಯ ಮರೆಯಲ್ಲಿ ನಿಂತು ಡಬ್ಬಿಯೊಳಗೆ ಮಾತ್ರೆಗಳ ನಡುವೆ ಹತ್ತಿ ತುರುಕಿ, ಮುಚ್ಚಳ ಹಾಕಿ, ಶೃತಿಯ ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಬರ್ತಿದ್ಯಾ?"

"ಇಲ್ಲ."

"ಒಂದು ದಿನಾನೂ ಬಿಡಬಾರ್ದು ಶೃತಿ. ಬಿಟ್ರೆ ಆಮೇಲೆ ಈ ಮಾತ್ರೇನೂ ಕೇಳಲ್ಲ ಅಂತ ಸೀತಾಲಕ್ಷ್ಮಮ್ಮ ಹೇಳಿಲ್ವಾ?"

"ಹೇಳಿದಾರೆ." ಹುಡುಗಿ ಡಬ್ಬಿಯನ್ನು ಬ್ಯಾಗಿನ ತಳಕ್ಕೆ ಸೇರಿಸಿದಳು. ಹೋಗುವ ಮುಂಚೆ, ತಲೆಯೆತ್ತದೆ, "ಆಂಟಿ, ನೀವಿಲ್ಲಿ ನಿಂತಿರೋದನ್ನ ಹುಡುಗೀರು ನೋಡಿದಾರೆ. ಯಾರು ಅಂತ ಕೇಳ್ತಾರೆ. ಮುಂದಿನ ಸಲ ಆ ಕಡೆ ತಿರುವಲ್ಲಿ ನಿಲ್ತೀರಾ?" ಎಂದಳು.

ಮುಂದಿನ ತಿಂಗಳು ಅಂಜನಮ್ಮ ತಿರುವಿನಲ್ಲಿ ನಿಂತಳು. ಪರೀಕ್ಷೆಗಳು ಹತ್ತಿರವಾಗಿದ್ದವು. ಮಕ್ಕಳು ಗುಂಪುಗುಂಪಾಗಿ ಹಾದುಹೋದರು. ಶೃತಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಒಬ್ಬ ಹುಡುಗಿಯನ್ನು ನಿಲ್ಲಿಸಿ ಕೇಳಿದರೆ, ಅವಳು ಶಾಲೆಗೆ ಬಂದು ಬಹಳ ದಿನವಾಯಿತು, ಕೆಮ್ಮು ಜಾಸ್ತಿಯಾಗಿತ್ತು ಎಂದಳು.

ಅಂಜನಮ್ಮ ಇಸ್ತ್ರಿ ಅಂಗಡಿ ಹುಡುಕಿಕೊಂಡು ಹೋದಳು. ಅವಳನ್ನು ಕಂಡು ಶೃತಿಯ ಮಾವ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೊರಗೆ ಬಂದ.

"ಬರ್ಬೇಡಿ ಅಂದಿದ್ನಲ್ಲಮ್ಮ."

"ಶೃತಿ ಎಲ್ಲಪ್ಪ?"

"ಊರಿಗೆ ಕಳಿಸಿದೀವಿ."

"ಯಾವ ಊರು? ಮಾತ್ರೆ ಮುಗಿದಿರುತ್ತೆ. ತಂದಿದೀನಿ, ನಾನೇ ಹೋಗಿ ಕೊಟ್ಟು ಬರ್ತೀನಿ."

ಅವನು ರಸ್ತೆಯ ಆಚೀಚೆ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. "ನನ್ನ ಹೆಂಡ್ತಿಗೆ ಗೊತ್ತಾಗೋಯ್ತು. ಯಾರೋ ಅವಳಿಗೆ ಆ ವಿಡಿಯೊ ತೋರಿಸಿದಾರೆ. ಹುಡುಗಿ ಮುಖ ಇರ್ಲಿಲ್ಲ, ಆದ್ರೆ ಇಟ್ಟಮಡು ಅಂತ ಇತ್ತಲ್ಲ, ಹುಡುಗಿ ಅಲ್ಲಿಂದ ಬಂದೋಳು ಅಂತ ಇವಳಿಗೆ ಗೊತ್ತಿತ್ತು. ಮಗು ಎತ್ಕೊಂಡು ಬಾವಿಗೆ ಬೀಳ್ತೀನಿ ಅಂದ್ಲು. ನಾನೇನ್ ಮಾಡ್ಲಿ ಹೇಳಿ."

"ಊರು ಯಾವ್ದು ಅಂತ ಅಷ್ಟೇ ಹೇಳು."

"ಹೋಗಿಮ್ಮ," ಎಂದು ಅವನು ಒಳಗೆ ಹೋದ. ಅವಳು ಕತ್ತಲಾಗುವವರೆಗೂ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕೂತಿದ್ದಳು. ಅವನು ಮತ್ತೆ ತಲೆಯೆತ್ತಿ ನೋಡಲಿಲ್ಲ.

ಸೀತಾಲಕ್ಷ್ಮಿ ಮಕ್ಕಳ ಕಲ್ಯಾಣ ಸಮಿತಿಗೆ ಬರೆದರು. ವಿಚಾರಣೆಗೆಂದು ಜನ ಹೋಗುವಷ್ಟರಲ್ಲಿ ಇಸ್ತ್ರಿ ಅಂಗಡಿಗೆ ಬೀಗ ಬಿದ್ದಿತ್ತು, ಮನೆ ಖಾಲಿಯಾಗಿತ್ತು. ಮೋಹಿತ ರಜೆ ಹಾಕಿ, ಶೃತಿಯ ಅಜ್ಜನ ಕಡೆಯವರು ಇದ್ದಾರೆಂದು ಯಾರೋ ಹೇಳಿದ ಮಾಗಡಿ ಕಡೆಯ ಹಳ್ಳಿಗಳಲ್ಲೆಲ್ಲ ಬೈಕಿನಲ್ಲಿ ಸುತ್ತಿದ. ಫೋಟೊ ತೋರಿಸಿ ಕೇಳಿದರೆ, ಯಾಕೆ ಹುಡುಕುತ್ತಿದ್ದೀರಿ ಎಂದು ಜನ ಕೇಳುತ್ತಿದ್ದರು. ಅವನು ಫೋಟೊ ಜೇಬಿಗಿಟ್ಟು ಮುಂದಿನ ಊರಿಗೆ ಹೋಗುತ್ತಿದ್ದ. ಕಾರ್ಯಕ್ರಮ ನಡೆಸಿದ ಗೆಳೆಯರು ಈ ಸಲ ಇನ್ನೂ ದೊಡ್ಡದಾಗಿ ಮಾಡೋಣ ಎಂದು ಫೋನು ಮಾಡಿದಾಗ, ಬೇಡ ಎಂದ. ಈಗಲೂ ಮದುವೆಗಳಲ್ಲಿ ಹಾಡು ಹಾಕುತ್ತಾನೆ. ಆದರೆ ಮೈಕನ್ನು ಬೇರೆಯವರ ಕೈಗೆ ಕೊಡುತ್ತಾನೆ.

ಬೇಸಿಗೆಯ ಕೊನೆಗೆ, ಸೀತಾಲಕ್ಷ್ಮಿ ಮಾತ್ರೆ ತರಲು ಹೋದ ದಿನ ಅಂಜನಮ್ಮನೂ ಆಸ್ಪತ್ರೆಗೆ ಹೋದಳು. ಶೃತಿಗೆ ತಲುಪದ ಡಬ್ಬಿಯನ್ನು ಮನೆಯಲ್ಲಿಟ್ಟುಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ. ಕೌಂಟರಿನಲ್ಲಿದ್ದ ಹೆಂಗಸು ಡಬ್ಬಿ ತೆಗೆದುಕೊಂಡು, ಕಂಪ್ಯೂಟರಿನಲ್ಲಿ ಹೆಸರು ಹುಡುಕಿ, "ಹುಡುಗಿ ತೀರ್ಕೊಂಡ್ಳಾ?" ಎಂದು ಕೇಳಿದಳು.

"ಗೊತ್ತಿಲ್ಲ," ಎಂದರು ಸೀತಾಲಕ್ಷ್ಮಿ.

"ಬೇರೆ ಕಡೆ ಟ್ರಾನ್ಸ್‌ಫರ್ ತಗೊಂಡಿದಾಳಾ?"

"ಅದೂ ಗೊತ್ತಿಲ್ಲ."

ಹೆಂಗಸು ಇಬ್ಬರ ಮುಖವನ್ನೂ ನೋಡಿದಳು. "ಹಂಗಾದ್ರೆ ಸಂಪರ್ಕದಲ್ಲಿಲ್ಲ ಅಂತ ಹಾಕ್ತೀನಿ. ಬಂದ್ರೆ ಮತ್ತೆ ಶುರು ಮಾಡ್ಬೋದು, ತೊಂದ್ರೆ ಇಲ್ಲ," ಎಂದು ಟೈಪು ಮಾಡಿ, ಹಿಂದಿನವರನ್ನು ಕರೆದಳು.

ಹೊರಗೆ ಬಿಸಿಲು ಜೋರಾಗಿತ್ತು. ಸೀತಾಲಕ್ಷ್ಮಿಯವರ ಎರಡೂ ಕೈಯಲ್ಲಿ ಉಳಿದ ಮಕ್ಕಳ ಮಾತ್ರೆಗಳ ಚೀಲಗಳಿದ್ದವು. ಹಾರೋಹಳ್ಳಿಯ ಬಸ್ಸು ತಪ್ಪಿದರೆ ಮುಂದಿನದಕ್ಕೆ ಬಹಳ ಕಾಯಬೇಕೆಂದು ಅವರು ಬೇಗ ಬೇಗ ನಡೆದರು. ಅಂಜನಮ್ಮ ಒಂದು ಚೀಲ ಇಸಿದುಕೊಂಡು ಜೊತೆಗೆ ಹೆಜ್ಜೆ ಹಾಕಿದಳು. ಬಸ್ಸು ಬಂದಾಗ ಅವರನ್ನು ಹತ್ತಿಸಿ, ಕಿಟಕಿಯಿಂದ ಚೀಲ ಒಳಗೆ ಕೊಟ್ಟಳು.

"ಈ ಕಡೆ ಬಂದಾಗ ಮನೆಗೆ ಬನ್ನಿ," ಎಂದಳು.

ಸೀತಾಲಕ್ಷ್ಮಿ ಆಗಲಿ ಎಂದು ತಲೆಯಾಡಿಸಿದರು. ಅವರು ಆ ಬೀದಿಗೆ ಇನ್ನು ಕಾಲಿಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬಸ್ಸು ಹೊರಟಿತು. ಅಂಜನಮ್ಮ ರಸ್ತೆ ದಾಟಿ, ಬನಶಂಕರಿ ಕಡೆ ಹೋಗುವ ಬಸ್ಸಿಗೆ ಕಾಯುತ್ತಾ ನಿಂತಳು.